ಕೆಂಚಿಯದ್ದೇ ಮರಿಗಳು

ಕೊಕ್ಕರ್ಣೆ
12 ಜುಲೈ 2009

ರವಿರಾಜ್ ಭಾವನವರಿಗೆ,

ನಾನು ನಿಶ್ಮಿತಾ. ಕಳೆದ ವಾರ ನೀವು ಬಂದಾಗ ಹಂದಿಗೂಡಿನ ಬಾಗಿಲಲ್ಲಿ ಟಾರ್ಚು ಹಿಡಿದು ನಿಂತಿದ್ದವಳು. ನೀವು ನನ್ನ ಹೆಸರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಮ್ಮ ಜಲಜ ಅತ್ತೆ ನನ್ನ ಅಮ್ಮನ ಅಕ್ಕ. ಬಿ.ಎ. ಮುಗಿಸಿದ ಮೇಲೆ ನಾನು ಈ ದೊಡ್ಡಮ್ಮನ ಮನೆಯಲ್ಲೇ ಇದ್ದೇನೆ. "ಸಾಹಿತ್ಯ ಓದ್ದವ್ಳ್ ನೀನ್, ನೀನೇ ಬರಿ" ಎಂದು ಅವರು ಕೂರಿಸಿದ್ದಾರೆ. ಫೋನು ಮಾಡಬಹುದಿತ್ತು. ಆದರೆ ಇಲ್ಲಿ ಸಿಗ್ನಲ್ ಬೇಕಾದರೆ ಹಾಡಿಯ ಮೇಲಿನ ಬಂಡೆ ಹತ್ತಬೇಕು. ಅಲ್ಲಿಂದ ಆಡಿದ ಮಾತು ನಿಮಗಿಂತ ಮೊದಲು ಊರಿಗೆ ಕೇಳುತ್ತದೆ. ಎದುರಿಗೆ ಮಾತಾಡುವುದಕ್ಕಿಂತ ಬರೆಯುವುದು ನನಗೂ ಸುಲಭ.

ದೊಡ್ಡಮ್ಮನಿಗೆ ತಿಳಿಯಬೇಕಾದದ್ದು ಒಂದೇ. ಆ ಸಣ್ಣ ಕೊಳವೆಗಳಲ್ಲಿ ನೀವು ಒಯ್ದ ರಕ್ತ ಯಾಕೆ? ಗೂಡಿನ ಹಂದಿಗಳೆಲ್ಲ ಒಂದರ ಹಿಂದೆ ಒಂದು ಬಿದ್ದಾಗ ಯಾರೂ ಬರಲಿಲ್ಲ. ಕೆಂಚಿ ಮತ್ತು ಅದರ ಮೂರು ಮರಿ ಮಾತ್ರ ಉಳಿದ ಮೇಲೆ ನೀವು ತೆಕ್ಕಟ್ಟೆಯಿಂದ ಬೈಕಿನಲ್ಲಿ ಬಂದಿರಿ. ದೊಡ್ಡಮ್ಮ ಹಂದಿ ಸಾಕಲು ಶುರುಮಾಡಿದಂದಿನಿಂದ ನಿಮ್ಮ ಮನೆಯವರು ಇಲ್ಲಿಗೆ ಕಾಲಿಟ್ಟಿಲ್ಲವಂತೆ. ನೀವೂ ಅಂಗಳದಲ್ಲಿ ಕೂರಲಿಲ್ಲ. ಹೋಗುವಾಗ ಕೈಕಾಲಿಗೆ ಏನೋ ಘಾಟಿನ ನೀರು ಹೊಯ್ದುಕೊಂಡಿರಿ, ಚಪ್ಪಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದಿರಿ. ನಾನು ತಂದಿಟ್ಟ ಬೆಲ್ಲ, ನೀರು ಜಗಲಿಯಲ್ಲೇ ಉಳಿಯಿತು.

ದೊಡ್ಡಮ್ಮ ಅಂದದ್ದನ್ನು ಅಂದ ಹಾಗೆಯೇ ಬರೆಯುತ್ತೇನೆ: "ಬೆಲ್ಲ ಮುಟ್ಲಿಲ್ಲ, ನೀರ್ ಮುಟ್ಲಿಲ್ಲ. ಹಂದಿ ರಕ್ತ ಮಾತ್ರ ಬೇಕಾಯ್ತ್ ಅವ್ನಿಗ್."

ನಿಶ್ಮಿತಾ

ಗುವಾಹಟಿ
1 ಆಗಸ್ಟ್ 2009

ನಿಶ್ಮಿತಾ,

ರಜೆ ಮುಗಿಸಿ ತೆಕ್ಕಟ್ಟೆಯಿಂದ ಇಲ್ಲಿಗೆ ಮರಳಿದ ಮೇಲೆ ನಿನ್ನ ಪತ್ರ ಸಿಕ್ಕಿತು. ಇಲ್ಲಿಯ ಹಳ್ಳಿಗಳಲ್ಲಿ ಮನೆಮನೆಗೂ ಹಂದಿ ಇದೆ, ಯಾರೂ ಮೂಗು ಮುರಿಯುವುದಿಲ್ಲ. ನನ್ನ ಸಂಶೋಧನೆಯೂ ಅದರದ್ದೇ: ವೈರಸ್ಸು ಒಳಗೆ ಹೊಕ್ಕಾಗ ಕೆಲವು ಹಂದಿ ಸಾಯುತ್ತವೆ, ಕೆಲವು ಸಾಯುವುದಿಲ್ಲ. ಯಾಕೆ?

ನಿನಗೆ ತಿಳಿಯುವ ಹಾಗೆ ಹೇಳುತ್ತೇನೆ. ಊರಿನ ಎಲ್ಲ ಮನೆಯಲ್ಲೂ ಒಂದೇ ಪಂಚಾಂಗ ತೂಗುಹಾಕಿರುತ್ತಾರೆ ಎಂದುಕೋ. ಆದರೆ ಇವತ್ತು ಯಾವ ಮನೆಯಲ್ಲಿ ಯಾವ ಪುಟ ತೆರೆದಿದೆ ಎಂಬುದು ಬೇರೆ ಬೇರೆ. ಜೀನುಗಳೂ ಹಾಗೆಯೇ. ಕಾಯಿಲೆ ಬಂದ ಹೊತ್ತಿಗೆ ಯಾವ ಪುಟ ತೆರೆಯಿತು, ಬೇಗ ತೆರೆಯಿತೋ ತಡವಾಗಿಯೋ ಎಂದು ನೋಡುವುದೇ ನನ್ನ ಕೆಲಸ. ಅದಕ್ಕೆ ಜೀನ್ ಅಭಿವ್ಯಕ್ತಿ ಎನ್ನುತ್ತಾರೆ. ಕೆಂಚಿಯಲ್ಲಿ ಸರಿಯಾದ ಪುಟ ಬೇಗ ತೆರೆದಿರಬೇಕು ಎಂದು ನನ್ನ ಊಹೆ. ಗೂಡಿಗೆ ಗೂಡೇ ಖಾಲಿಯಾದಾಗ ತಾಯಿಯೂ ಅದು ಹೆತ್ತ ಮೂರೂ ಮರಿಯೂ ಉಳಿದವು ಎಂದರೆ ಆ ಗುಣ ವಂಶದಲ್ಲೇ ಇದೆ ಎಂದಾಗುತ್ತದೆ. ಅಂಥ ತಳಿ ಸಿಕ್ಕರೆ ಎಷ್ಟೋ ಮನೆಗಳ ಹಂದಿ ಉಳಿಯುತ್ತವೆ.

ಅತ್ತೆಯನ್ನು ಕೇಳಿ ಬರೆ. ಮೂರೂ ಕೆಂಚಿಯ ಸ್ವಂತ ಮರಿಗಳೇ? ಕೆಂಚಿಗೆ ಲಸಿಕೆ ಹಾಕಿಸಿದ್ದುಂಟೇ? ಮೊದಲು ಯಾವಾಗಲಾದರೂ ಜ್ವರ ಬಂದಿತ್ತೇ? ಸದ್ಯ ಈ ವಿಷಯ ಯಾರಿಗೂ ಹೇಳಬೇಡ. ನಾಲ್ಕನ್ನೂ ಮಾರಬೇಡಿ.

ರವಿರಾಜ್

ಕೊಕ್ಕರ್ಣೆ
24 ಆಗಸ್ಟ್ 2009

ರವಿರಾಜ್ ಭಾವನವರಿಗೆ,

ಅಭಿವ್ಯಕ್ತಿ ಎಂದರೆ ಒಳಗಿನದು ಹೊರಗೆ ಬರುವುದು ಎಂದು ನಮಗೆ ಕಲಿಸಿದ್ದರು. ನಿಮ್ಮ ಪತ್ರದಲ್ಲಿ ಒಳಗೇ ಉಳಿದದ್ದು ಇನ್ನೂ ಇದೆ ಎಂದು ನನಗೆ ಅನಿಸಿತು. ಬೆಲ್ಲ ನೀರಿನ ಮಾತೇ ಇಲ್ಲ. ಯಾರಿಗೂ ಹೇಳಬೇಡ, ಮಾರಬೇಡಿ ಎಂದಿದ್ದೀರಿ, ಯಾಕೆ ಎಂದಿಲ್ಲ. ದೊಡ್ಡಮ್ಮನಿಗೆ ಓದಿ ಹೇಳಿದಾಗ ಅವರು ಕತ್ತಿಮಣೆಯಿಂದ ಏಳಲೂ ಇಲ್ಲ, "ಎಲ್ಲ ಸತ್ತ್ ಹೋಪ ಹೊತ್ತಿಗೆ ಬಾರದವ್ನಿಗ್ ಉಳ್ದದ್ರ್ ಮೇಲ್ ಎಂತ ಪ್ರೀತಿ" ಎಂದರು.

ನಿಮ್ಮ ಪ್ರಶ್ನೆಗಳಿಗೆ ಉತ್ತರ. ಲಸಿಕೆ ಹಾಕಿಸಿಲ್ಲ. ಮೊದಲು ಜ್ವರ ಬಂದಿರಲಿಲ್ಲ ಎನ್ನುತ್ತಾರೆ. ಮರಿಗಳ ವಿಷಯ ಕೇಳಿದ್ದಕ್ಕೆ, "ಕೆಂಚಿದ್ ಅಲ್ದೆ ಮತ್ ಯಾರದ್ದ್? ನಿಂದಾ?" ಎಂದು ನಕ್ಕರು.

ಒಂದು ಮುಖ್ಯ ಮಾತು. ದಯವಿಟ್ಟು ಪತ್ರದಲ್ಲಿ 'ಹಂದಿ ಜ್ವರ' ಎಂಬ ಶಬ್ದ ಬರೆಯಬೇಡಿ. ಪೇಪರಿನಲ್ಲಿ ದಿನವೂ ಅದೇ. ಹಂದಿ ಜ್ವರದಿಂದ ಅಲ್ಲಿ ಒಬ್ಬರು ಸತ್ತರು, ಇಲ್ಲಿ ಇಬ್ಬರು ಎಂದು. ಬ್ರಹ್ಮಾವರದ ಬಸ್ಸಿನಲ್ಲಿ ಒಬ್ಬರು ಕೆಮ್ಮಿದರೆ ಪಕ್ಕದವರು ಎದ್ದು ನಿಲ್ಲುತ್ತಾರೆ. ನಮ್ಮ ಹಂದಿಗಳು ಕೊಳೆತ ಮೀನು ತಿಂದು ನಂಜಾಗಿ ಸತ್ತವು ಎಂದು ದೊಡ್ಡಮ್ಮ ಊರಿಗೆ ಹೇಳಿದ್ದಾರೆ. ಬಚ್ಚ ದೊಡ್ಡಪ್ಪ ಟೆಂಪೊದಲ್ಲಿ ಮೀನು ಮಾರುವವರಾದ್ದರಿಂದ ಅದರಿಂದಲೂ ವ್ಯಾಪಾರ ಕೆಟ್ಟಿದೆ. ಆದರೂ ಅದು ಇದಕ್ಕಿಂತ ವಾಸಿ. ಕೆಂಚಿಯೊಂದು ಉಳಿದರೆ ಮತ್ತೆ ಗೂಡು ತುಂಬೀತು ಎಂಬ ಆಸೆಯಲ್ಲಿ ದೊಡ್ಡಮ್ಮ ಇದ್ದಾರೆ.

ನಿಶ್ಮಿತಾ

(ಅಂಚೆ ಕಾರ್ಡು)
ಗುವಾಹಟಿ
26 ಆಗಸ್ಟ್ 2009

ನಿಶ್ಮಿತಾ, ನಿನ್ನ ಉತ್ತರ ಇನ್ನೂ ಬಂದಿಲ್ಲ. ಪ್ರಯೋಗಾಲಯದಿಂದ ವರದಿ ಬಂತು. ಕೆಂಚಿಗೆ ತಗಲಿದ್ದು ಹಂದಿ ಜ್ವರವೇ, ಖಚಿತ. ಮೂರೂ ಮರಿಗಳ ರಕ್ತದಲ್ಲೂ ಗುರುತು ಇದೆ. ಬಹಳ ಸಂತೋಷ. ಡಿಸೆಂಬರಿನಲ್ಲಿ ಗಾಡಿ ತಂದು ಕೆಂಚಿಯನ್ನು ಬೆಂಗಳೂರಿನ ಪ್ರಯೋಗಾಲಯಕ್ಕೆ ಒಯ್ಯುತ್ತೇನೆ. ಗುಲ್ಮ ಮತ್ತು ಗಂಟಲ ಗ್ರಂಥಿಗಳ ಪರೀಕ್ಷೆ ಆಗಬೇಕು. ಅತ್ತೆಗೆ ತಿಳಿಸು. ರವಿರಾಜ್

ಕೊಕ್ಕರ್ಣೆ
9 ಸೆಪ್ಟೆಂಬರ್ 2009

ರವಿರಾಜ್ ಅವರಿಗೆ,

ನಿಮ್ಮ ಕಾರ್ಡು ಮನೆಗೆ ಬರುವ ಮೊದಲು ಅಂಗಡಿಗೆ, ಹಾಲಿನ ಡೈರಿಗೆ, ಬಸ್ ಸ್ಟ್ಯಾಂಡಿಗೆ ಹೋಗಿ ಬಂದಿತ್ತು. ಅಂಚೆಯ ಮುತ್ತು ಗೇಟಿನಲ್ಲಿ ಸೈಕಲ್ಲು ನಿಲ್ಲಿಸಿ ಒಳಗೆ ಬರಲಿಲ್ಲ. "ಹ್ವಾಯ್ ಜಲಜಕ್ಕ, ನಿಮ್ ಹಂದಿಗ್ ಹಂದಿ ಜ್ವರ ಅಂಬ್ರಲೆ. ಬರ್ದವ್ರಿಗ್ ಬಾರೀ ಸಂತೋಷ ಅಂಬ್ರ್" ಎಂದು ಕಾರ್ಡನ್ನು ಕಟ್ಟೆಯ ಮೇಲಿಟ್ಟು ಹೋದ.

ಸಂಜೆ ಅಂಗಡಿಯ ಪ್ರೇಮಾನಂದ ಊರವರನ್ನು ಕಟ್ಟಿಕೊಂಡು ಬಂದರು. ಪಂಚಾಯತಿ ಮೆಂಬರೂ ಅವರೇ. ಎಲ್ಲರೂ ಬೇಲಿಯ ಆಚೆಗೆ, ಮುಖಕ್ಕೆ ಬೈರಾಸು ಕಟ್ಟಿಕೊಂಡು ನಿಂತಿದ್ದರು.

"ಜಲಜಕ್ಕ, ನಿಮ್ ಹಂದಿ ಸಾಯ್ಲಿ, ಬದ್ಕ್ಲಿ, ನಮ್ಗೆಂತ. ನಮ್ ಮಕ್ಳಿಗ್ ಬಂದ್ರೆ ಯಾರ್ ಕಾಂಬುದ್?"

"ನಾ ದಿನಾ ಅದ್ರ್ ಸಗಣಿ ಬಾಚ್ತೆ. ನಂಗೇ ಬರ್ಲಿಲ್ಲ."

"ಮೀನ್ ನಂಜ್ ಅಂದ್ ಸುಳ್ಳ್ ಹೇಳದ್ ಯಾಕ್ ಹಂಗಾರೆ?"

ದೊಡ್ಡಮ್ಮ ಬೇಲಿಯ ಹತ್ತಿರಕ್ಕೆ ಹೋದರು. "ಬೈರಾಸ್ ಬಿಚ್ಚ್ ಪ್ರೇಮಾನಂದ. ನಿನ್ ಬಾಯಿ ವಾಸ್ನೆ ನಿಂಗೇ ಬಡ್ದ್ ಬೀಳ್ವೆ" ಎಂದರು. ಹಿಂದಿದ್ದವರಲ್ಲಿ ಇಬ್ಬರು ನಕ್ಕರು. ಆದರೆ ದೀಪಾವಳಿಯೊಳಗೆ ಹಂದಿಗಳು ಊರು ಬಿಡಬೇಕು ಎಂದು ಹೇಳಿಯೇ ಹೋದರು.

ಇನ್ನು ನನ್ನ ಮಾತು. ಗುಲ್ಮ ಎಂದರೆ ಏನೆಂದು ನಿಘಂಟಿನಲ್ಲಿ ನೋಡಿದೆ. ಹೊಟ್ಟೆಯ ಒಳಗಿರುವ ಅಂಗ. ಅದನ್ನು ಪರೀಕ್ಷೆಗೆ ತೆಗೆದ ಮೇಲೆ ಹಂದಿ ಎದ್ದು ಮನೆಗೆ ಬರುವುದಿಲ್ಲ. ಮಾರಬೇಡಿ ಎಂದದ್ದು ಯಾಕೆಂದು ಈಗ ತಿಳಿಯಿತು. ಇನ್ನೊಂದು ಅನುಮಾನವನ್ನೂ ಬರೆದುಬಿಡುತ್ತೇನೆ. ಅಷ್ಟು ಓದಿದ ನೀವು ಇದನ್ನು ತೆರೆದ ಕಾರ್ಡಿನಲ್ಲಿ ಯಾಕೆ ಬರೆದಿರಿ? ಊರೇ ಕೆಂಚಿಯನ್ನು ಹೊರಗೆ ದೂಡಿದರೆ ನಿಮ್ಮ ಗಾಡಿಗೆ ಕೆಲಸ ಸುಲಭ.

ನಿಶ್ಮಿತಾ

ಗುವಾಹಟಿ
28 ಸೆಪ್ಟೆಂಬರ್ 2009

ನಿಶ್ಮಿತಾ,

ಕಾರ್ಡು ಬರೆದದ್ದು ನನ್ನ ಬುದ್ಧಿಗೇಡಿತನ, ಉಪಾಯವಲ್ಲ. ಇಲ್ಲಿ ಆ ಶಬ್ದಕ್ಕೆ ಯಾರೂ ಹೆದರುವುದಿಲ್ಲ. ಹಂದಿಗೆ ಬರುವ ಈ ಜ್ವರ ಬಹಳ ಹಳೆಯದು, ಅದು ಮನುಷ್ಯರಿಗೆ ತಗಲುವುದಿಲ್ಲ. ಪೇಪರಿನಲ್ಲಿ ಬರುತ್ತಿರುವುದು ಬೇರೆಯೇ ವೈರಸ್ಸು, ಈಗ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತಿರುವುದು. ಹೆಸರು ಮಾತ್ರ ಒಂದೇ. ಇದನ್ನು ಬರೆದು, ಸಂಸ್ಥೆಯ ಮುದ್ರೆ ಹಾಕಿಸಿ ಜೊತೆಯಲ್ಲಿಟ್ಟಿದ್ದೇನೆ. ಪ್ರೇಮಾನಂದ ಅವರಿಗೆ ಕೊಡು.

ಬೆಲ್ಲ ನೀರಿನ ವಿಷಯ. ರೋಗ ಬಂದ ಗೂಡಿಗೆ ಹೋದವನು ಅಲ್ಲಿ ಕೂರಬಾರದು, ತಿನ್ನಬಾರದು, ಅಲ್ಲಿಯ ಮಣ್ಣನ್ನು ಕಾಲಿನಲ್ಲಿ ಹೊರಗೆ ಒಯ್ಯಬಾರದು. ಮರುದಿನ ಬೈಂದೂರಿನ ಇನ್ನೊಂದು ಗೂಡಿಗೆ ಹೋಗುವವನಿದ್ದೆ. ಅದನ್ನು ನಿಮ್ಮ ಅಂಗಳದಲ್ಲೇ ಹೇಳಬೇಕಿತ್ತು.

ಗುಲ್ಮದ ವಿಷಯ ನೀನು ಅಂದದ್ದು ಸರಿ. ಕೆಂಚಿಗೆ ಮತ್ತೊಮ್ಮೆ ವೈರಸ್ಸು ಕೊಟ್ಟು, ಯಾವ ಜೀನು ಯಾವಾಗ ಎಚ್ಚರಗೊಳ್ಳುತ್ತದೆ ಎಂದು ರಕ್ತದಲ್ಲಿ ನೋಡಿ, ಕೊನೆಗೆ ಒಳಗಿನ ಅಂಗಗಳಲ್ಲಿ ನೋಡಬೇಕು. ಅದು ಬದುಕಿ ಬರುವುದಿಲ್ಲ. ಮೊದಲೇ ಹೇಳಿದ್ದರೆ ನೀವು ಒಪ್ಪುತ್ತಿರಲಿಲ್ಲ. ಅದರ ಬದಲಿಗೆ ಒಳ್ಳೆಯ ಎರಡು ಹೆಣ್ಣು ಮರಿ ಕೊಡಿಸುತ್ತೇನೆ. ಸುಮ್ಮನೆ ಕೇಳುತ್ತಿಲ್ಲ. ಹೆತ್ತ ಮರಿಗಳೂ ಉಳಿದ ಹಂದಿ ಇನ್ನೊಂದು ಸಿಕ್ಕಿಲ್ಲ. ಮರಿಗಳು ಅದರವಲ್ಲದಿದ್ದರೆ ಕೆಂಚಿಯೂ ಅದೃಷ್ಟಕ್ಕೆ ಉಳಿದ ಒಂದು ಹಂದಿ ಅಷ್ಟೇ ಆಗುತ್ತಿತ್ತು, ನಾನು ಗಾಡಿ ತರುತ್ತಿರಲಿಲ್ಲ.

ರವಿರಾಜ್

ಕೊಕ್ಕರ್ಣೆ
19 ಅಕ್ಟೋಬರ್ 2009

ರವಿರಾಜ್ ಅವರಿಗೆ,

ನಿಮ್ಮ ಮುದ್ರೆಯ ಕಾಗದವನ್ನು ಪ್ರೇಮಾನಂದ ತಿರುಗಿಸಿ ಮುರುಗಿಸಿ ನೋಡಿ, "ಇದ್ ಗುವಾಹಟಿ ಮುದ್ರೆ. ನಮ್ ಜಿಲ್ಲೆಗ್ ಆತ್ತಾ?" ಎಂದರು. ಆಮೇಲೆ ಬ್ರಹ್ಮಾವರದಿಂದ ಸರ್ಕಾರಿ ಪಶುವೈದ್ಯರನ್ನು ಕರೆಸಿದರು. ಅವರು ಬಂದು ನೀವು ಬರೆದದ್ದನ್ನೇ ಹೇಳಿ, ಜಗಲಿಯಲ್ಲಿ ಕೂತು ಚಾ ಕುಡಿದರು. ಆ ಚಾ ಕುಡಿದದ್ದರಿಂದಲೇ ಊರಿಗೆ ನಂಬಿಕೆ ಬಂದದ್ದು. ದೀಪಾವಳಿಯ ಗಡುವು ಈಗ ಯಾರಿಗೂ ನೆನಪಿಲ್ಲ. ನಿಮ್ಮ ಬೆಲ್ಲ ನೀರಿನ ಕಾರಣ ಓದಿದಾಗ ದೊಡ್ಡಮ್ಮ "ಅದನ್ನ್ ಹೇಳುಕೆ ಅವತ್ತ್ ಬಾಯಿ ಇರ್ಲಿಲ್ಯಾ?" ಎಂದರು. ಆದರೂ ಧ್ವನಿ ಸ್ವಲ್ಪ ಇಳಿದಿತ್ತು.

ಈಗ ಬರೆಯುವುದನ್ನು ನೀವು ನಂಬುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ಮೊನ್ನೆ ಪಕ್ಕದ ಮನೆಯ ವನಜಕ್ಕ ಹುಲ್ಲು ಕೊಯ್ಯುತ್ತಾ, "ಬೊಳ್ಳಿ ಸತ್ತ್ರೂ ಅದ್ರ್ ಮರಿ ಎರಡ್ ಎಷ್ಟ್ ಲಾಯ್ಕ್ ಆಯಿತ್ ಕಾಣ್" ಎಂದರು. ಬೊಳ್ಳಿ ನಮ್ಮ ಇನ್ನೊಂದು ಹೆಣ್ಣು ಹಂದಿ, ಜ್ವರದಲ್ಲಿ ಸತ್ತದ್ದು. ಯಾವ ಮರಿ ಎಂದು ಕೇಳಿದೆ. ಕೆಂಚಿಯ ಹಿಂದೆ ಓಡಾಡುವ ಮೂರರಲ್ಲಿ ಎರಡನ್ನು ತೋರಿಸಿದರು.

ದೊಡ್ಡಮ್ಮನನ್ನು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಬೊಳ್ಳಿ, ಕೆಂಚಿ ಒಂದೇ ದಿನ ಹೆತ್ತವಂತೆ. ಬೊಳ್ಳಿ ಮರಿಗಳ ಮೇಲೆ ಮಲಗಿ ಕೊಲ್ಲುತ್ತಿತ್ತಂತೆ. ಉಳಿದ ಎರಡನ್ನು ಅವತ್ತೇ ಎತ್ತಿ ತಂದು, ಅವಕ್ಕೂ ಕೆಂಚಿಯ ಮರಿಗೂ ಕೆಂಚಿಯ ಮೂಗಿಗೂ ಮೀನೆಣ್ಣೆ ಸವರಿ ಬಿಟ್ಟರಂತೆ. ಎಲ್ಲದಕ್ಕೂ ಒಂದೇ ವಾಸನೆ ಬಂದರೆ ಹಂದಿಗೆ ತನ್ನದು, ಬೇರೆಯದು ಎಂದು ತಿಳಿಯುವುದಿಲ್ಲ.

"ಹಂಗಾರೆ ಕೆಂಚಿದ್ದೇ ಅಂದ್ರಿ ಯಾಕ್ ದೊಡ್ಡಮ್ಮ?"

"ಹಾಲ್ ಕುಡ್ದ್ ದೊಡ್ಡಾದ್ದ್ ಯಾರದ್ದ್ ಹೆಣೆ? ಕೆಂಚಿದಲ್ದಾ? ಹೆತ್ತದ್ದ್ ಯಾರ್ ಅಂದ್ ಅವ್ನ್ ಕೇಣ್ಲಿಲ್ಲ."

ನೀವು 'ಸ್ವಂತ ಮರಿ' ಎಂದು ಬರೆದಿದ್ದಿರಿ. ನಾನು ಅವರಲ್ಲಿ 'ಕೆಂಚಿದ್ದೇ ಮರಿಯಾ' ಎಂದು ಕೇಳಿದ್ದೆ.

ಇನ್ನೂ ಒಂದು ಇದೆ. ಕೆಂಚಿ ಸಣ್ಣದಿದ್ದಾಗ ಕೆರಾಡಿಯ ಮಂಜ ಎಂಬವರಲ್ಲಿ, ಮರಿ ಹಾಕಿದರೆ ಅರ್ಧ ಅವರಿಗೆ ಎಂದು, ಪಾಲಿಗೆ ಸಾಕಲು ಬಿಟ್ಟಿದ್ದರು. ಅಲ್ಲಿಯೂ ಹಂದಿಗಳು ಸತ್ತವು. ಕೆಂಚಿ ಮೇವು ಬಿಟ್ಟು ಮಲಗಿ, ಆಮೇಲೆ ಎದ್ದಿತಂತೆ. ಸೀಕಿನ ಹಂದಿ ಎಂದು ಹೆಸರು ಬಂದರೆ ಮರಿ ಕೊಳ್ಳುವವರು ಇರುವುದಿಲ್ಲ ಎಂದು ದೊಡ್ಡಮ್ಮ ಇದನ್ನು ನನಗೂ ಹೇಳಿರಲಿಲ್ಲ.

ಕೆಂಚಿಯನ್ನು ಬಿಟ್ಟುಬಿಡಿ.

ನಿಶ್ಮಿತಾ

ಗುವಾಹಟಿ
6 ನವೆಂಬರ್ 2009

ನಿಶ್ಮಿತಾ,

ನೀನು ಸಾಹಿತ್ಯ ಓದಿದವಳು. ಕಥೆ ಚೆನ್ನಾಗಿದೆ, ಮೀನೆಣ್ಣೆಯಂತೂ ಬಹಳ ಚೆನ್ನಾಗಿದೆ. ಮರಿಗಳು ಅದರವಲ್ಲದಿದ್ದರೆ ಗಾಡಿ ತರುವುದಿಲ್ಲ ಎಂದು ನಾನು ಬರೆದೆ. ಮುಂದಿನ ಪತ್ರದಲ್ಲೇ ಮರಿಗಳು ಅದರವಲ್ಲ ಎಂದು ನೀನು ಬರೆದೆ. ಆಗಸ್ಟಿನಲ್ಲಿ ಜ್ವರ ಬಂದಿರಲಿಲ್ಲ, ಅಕ್ಟೋಬರಿನಲ್ಲಿ ಬಂದಿತ್ತು. ಯಾವುದನ್ನು ನಂಬಲಿ?

ಡಿಸೆಂಬರ್ ಮೊದಲ ವಾರ ಬರುತ್ತೇನೆ. ಗಾಡಿಯೂ ಬರುತ್ತದೆ. ಅತ್ತೆಯ ಹತ್ತಿರ ನಾನೇ ಮಾತಾಡುತ್ತೇನೆ.

ರವಿರಾಜ್

ಗುವಾಹಟಿ
4 ಜನವರಿ 2010

ನಿಶ್ಮಿತಾ,

ಅಲ್ಲಿಂದ ಬಂದು ತಿಂಗಳಾಯಿತು. ನೀನು ಬರೆಯುತ್ತೀ ಎಂದುಕೊಂಡಿದ್ದೆ, ಬರೆಯಲಿಲ್ಲ.

ಗಾಡಿ ನಿಲ್ಲಿಸಿ ಒಳಗೆ ಬಂದರೆ ಗೂಡಿನಲ್ಲಿ ಮೂರು ಮರಿ ಮಾತ್ರ. ಅತ್ತೆ ತೆಂಗಿನ ಮರದ ಹತ್ತಿರ ಹೊಸ ಮಣ್ಣಿನ ಗುಡ್ಡೆ ತೋರಿಸಿದರು. "ಸತ್ತ್ ಹೋಯ್ತ್. ಅಲ್ಲ್ ಹುಗ್ದಿತ್." ಹೇಗೆ ಸತ್ತಿತು ಎಂದೆ. "ಸಾಯುಕೆ ನಿನ್ ಹತ್ರ ಕೇಣ್ಕಾ?" ಎಂದರು. ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಬಚ್ಚ ಮಾವ ಟೆಂಪೊ ತೊಳೆಯುತ್ತಿದ್ದವರು ತಿರುಗಿಯೂ ನೋಡಲಿಲ್ಲ. ನೀನು ಗೋಡೆ ನೋಡುತ್ತಾ ನಿಂತಿದ್ದೆ.

ಅಂಥ ಜ್ವರವನ್ನು ಗೆದ್ದ ಹಂದಿ ನಾನು ಬರುವ ಐದಾರು ದಿನ ಮೊದಲು ಸಾಯುತ್ತದೆ. ಅಗೆದು ನೋಡಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು. ಮರಿಗಳ ರಕ್ತ ತೆಗೆದುಕೊಂಡು ಬಂದೆ. ಅದನ್ನು ಕೊಡಲು ನೀವು ತಕರಾರು ಮಾಡಲಿಲ್ಲ ಎಂಬುದೂ ನನಗೆ ವಿಚಿತ್ರವಾಗಿ ಕಂಡಿತು.

ಕೆಂಚಿ ಎಲ್ಲಿದೆ?

ರವಿರಾಜ್

ಗುವಾಹಟಿ
22 ಮಾರ್ಚ್ 2010

ನಿಶ್ಮಿತಾ,

ಜನವರಿಯ ಪತ್ರಕ್ಕೂ ಉತ್ತರವಿಲ್ಲ. ಪರವಾಗಿಲ್ಲ, ಇದನ್ನಾದರೂ ಓದು.

ತಾಯಿ, ಮಕ್ಕಳ ರಕ್ತವನ್ನು ಹೋಲಿಸಿ ನೋಡಿದೆ. ಒಂದು ಮರಿ ಕೆಂಚಿಯದು. ಎರಡು ಅಲ್ಲ. ನೀನು ಬರೆದದ್ದು ನಿಜ.

ಡಿಸೆಂಬರಿನ ರಕ್ತದಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಜುಲೈಯಲ್ಲಿ ಮೂರೂ ಮರಿಗಳಲ್ಲಿ ಇದ್ದ ರೋಗದ ಗುರುತು, ಅಂದರೆ ರೋಗವನ್ನು ಎದುರಿಸುವ ಪ್ರತಿಕಾಯ, ಈಗ ಒಂದರಲ್ಲೂ ಇಲ್ಲ. ಜ್ವರವನ್ನು ಅವೇ ಹೋರಾಡಿ ಗೆದ್ದಿದ್ದರೆ ಅದು ಉಳಿಯುತ್ತಿತ್ತು. ಅಂದರೆ ಅದು ಅವುಗಳದ್ದಲ್ಲ, ಕೆಂಚಿಯದು. ಕೆರಾಡಿಯಲ್ಲಿ ಒಮ್ಮೆ ಜ್ವರ ಗೆದ್ದು ಅದು ಗಳಿಸಿದ್ದ ಶಕ್ತಿ, ಮೊದಲ ದಿನದ ಗಿಣ್ಣುಹಾಲಿನಲ್ಲಿ ಮೂರಕ್ಕೂ ಇಳಿದು, ಜ್ವರದ ತಿಂಗಳು ದಾಟಿಸಿ, ಆಮೇಲೆ ಕರಗಿ ಹೋಗಿದೆ. ಅದೇ ದಿನ ಹಾಲಿಗೆ ಹಾಕಿರದಿದ್ದರೆ ಬೊಳ್ಳಿಯ ಎರಡು ಮರಿ ಉಳಿಯುತ್ತಿರಲಿಲ್ಲ. ನಾನು ವಂಶದಲ್ಲಿ ಹುಡುಕಿದ್ದು ಹಾಲಿನಲ್ಲಿತ್ತು. ಪ್ರಬಂಧದ ಆ ಅಧ್ಯಾಯವನ್ನು ತೆಗೆದುಹಾಕಿದ್ದೇನೆ. ಮಾರ್ಗದರ್ಶಕರು ಇನ್ನೂ ನನ್ನ ಮುಖ ನೋಡಿ ಮಾತಾಡುತ್ತಿಲ್ಲ.

ಮರಿಗಳಿಗೆ ಈಗ ರಕ್ಷಣೆ ಇಲ್ಲ. ಬ್ರಹ್ಮಾವರದ ವೈದ್ಯರಿಂದ ಬೇಗ ಲಸಿಕೆ ಹಾಕಿಸಿ. ಅವರಿಗೆ ಪತ್ರ ಬರೆದಿದ್ದೇನೆ.

ಕೆಂಚಿಯ ಗುಲ್ಮ ನನಗೆ ಬೇಡ. ಗಾಡಿ ಬರುವುದಿಲ್ಲ. ಆ ಗುಡ್ಡೆ ಖಾಲಿ ಎಂದು ನನಗೆ ಅಂದೇ ಗೊತ್ತಿತ್ತು, ಈಗ ಅದಕ್ಕೆ ಸಂತೋಷವಿದೆ. ಅತ್ತೆ ಒಳ್ಳೆಯ ಕೆಲಸ ಮಾಡಿದರು. ಎಲ್ಲಿಟ್ಟಿದ್ದೀರಿ ಎಂದು ಹೇಳಬೇಡ. ಮೇವು ತಿನ್ನುತ್ತಿದೆಯೇ, ಮತ್ತೆ ಗಬ್ಬವಾಯಿತೇ, ಅಷ್ಟು ಬರೆ ಸಾಕು.

ರವಿರಾಜ್

ಕೊಕ್ಕರ್ಣೆ
8 ಏಪ್ರಿಲ್ 2010

ಭಾವ,

ಮರಿಗಳಿಗೆ ಲಸಿಕೆ ಆಯಿತು. ಕೆಂಚಿ ಹೆತ್ತದ್ದು ಯಾವುದು ಎಂದು ನೀವು ಬರೆದಿಲ್ಲ, ದೊಡ್ಡಮ್ಮ ಕೇಳಲೂ ಇಲ್ಲ.

ನವೆಂಬರಿನಲ್ಲಿ ನಿಮ್ಮ 'ಗಾಡಿಯೂ ಬರುತ್ತದೆ' ಓದಿದ ಮೇಲೆ ದೊಡ್ಡಮ್ಮ ಕೆಂಚಿಯನ್ನು ಮತ್ತೆ ಕೆರಾಡಿಗೆ, ಮಂಜನ ಮನೆಗೆ ಪಾಲಿಗೆ ಬಿಡುವುದು ಎಂದು ತೀರ್ಮಾನಿಸಿದರು. ಊರವರು ಕಂಡರೆ ನಿಮಗೆ ಸುದ್ದಿ ಹೋಗುತ್ತದೆ ಎಂದು ಅವರಿಗೆ ಭಯ. ಮುತ್ತು ನಿಮ್ಮ ಕಡೆಯವನು ಎಂದೂ ಅನುಮಾನ. ಅದಕ್ಕೇ ಊರು ಉಂಡು ಮಲಗುವ ಮಧ್ಯಾಹ್ನದ ಹೊತ್ತು ನೋಡಿ ಕೆಂಚಿಯನ್ನು ದೊಡ್ಡಪ್ಪನ ಮೀನಿನ ಟೆಂಪೊಗೆ ಹತ್ತಿಸಿದೆವು. ಮೇಲೆ ಟರ್ಪಾಲು ಬಿಗಿದು, ಸುತ್ತ ಖಾಲಿ ಮೀನಿನ ಪೆಟ್ಟಿಗೆ ಜೋಡಿಸಿದೆವು. ಹಂದಿ ಬೆವರುವುದಿಲ್ಲ ಎಂದು ನಮಗೆ ಗೊತ್ತಿಲ್ಲದ್ದೇನಲ್ಲ. ಸೆಕೆಯ ದಿನ ನಾನೇ ಅದಕ್ಕೆ ನೀರು ಹೊಯ್ಯುತ್ತಿದ್ದೆ. ಆ ದಿನ ಕಾಣದ ಹಾಗೆ ಒಯ್ಯುವುದೊಂದೇ ತಲೆಯಲ್ಲಿತ್ತು.

ಹಾಲಾಡಿಯಲ್ಲಿ ಗುರುತಿನವರು ಟೆಂಪೊ ನಿಲ್ಲಿಸಿದರು. "ಬಚ್ಚಣ್ಣ, ಬಂಗ್ಡೆ ಇತ್ತಾ? ಟರ್ಪಾಲ್ ಎತ್ತ್ ಕಾಂಬ" ಎಂದರು. ದೊಡ್ಡಪ್ಪ ಹೆದರಿ, ಎಲ್ಲ ಖಾಲಿ ಎಂದು ಹೇಳಿ, ಅನುಮಾನ ಬಾರದಿರಲಿ ಎಂದು ಇಳಿದು ನಗುತ್ತಾ ಮಾತಾಡಿದರು. ಅವರು ಚಾ ಕುಡಿಸದೆ ಬಿಡಲಿಲ್ಲ. ಬಿಸಿಲಿನಲ್ಲಿ ಟೆಂಪೊ ನಿಂತೇ ಇತ್ತು. ಮುಂದೆ ಕೂತಿದ್ದ ನನಗೂ ದೊಡ್ಡಮ್ಮನಿಗೂ ಹಿಂದಿನಿಂದ ಏದುಸಿರು ಕೇಳುತ್ತಿತ್ತು. ಇಳಿದು ಟರ್ಪಾಲು ಸಡಿಲಿಸುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಕೆರಾಡಿಯಲ್ಲಿ ಮಂಜ ಟರ್ಪಾಲು ಎತ್ತಿದಾಗ ಕೆಂಚಿ ಸತ್ತಿತ್ತು. ತಮ್ಮ ಜಾಗದಲ್ಲಿ ಹೂಳಲು ಅವರು ಒಪ್ಪಲಿಲ್ಲ. ವಾಪಸು ತಂದೆವು.

ದೊಡ್ಡಮ್ಮ ಅತ್ತದ್ದು ಕೆರಾಡಿಯಿಂದ ಇಲ್ಲಿಯ ತನಕ, ಟೆಂಪೊದ ಹಿಂದೆ ಅದರ ತಲೆಯ ಹತ್ತಿರ ಕೂತು. ನೀವು ಬರುವ ಹೊತ್ತಿಗೆ ಕಣ್ಣು ಒಣಗಿತ್ತು. 'ಅಡಗಿಸಲು ಹೋಗಿ ಕೊಂದಿರಿ' ಎಂಬ ಮಾತನ್ನು ನಿಮ್ಮ ಬಾಯಿಂದ ಕೇಳಲು ಅವರು ತಯಾರಿರಲಿಲ್ಲ. ನಾನು ನಿಜ ಬರೆದದ್ದನ್ನು ಕಥೆ ಎಂದವರಿಗೆ ಮತ್ತೊಂದು ನಿಜ ಹೇಳಲು ನನಗೂ ಮನಸ್ಸಾಗಲಿಲ್ಲ.

ನಿಮ್ಮ ಪತ್ರವನ್ನು ನಿನ್ನೆ ಜಗಲಿಯಲ್ಲಿ ಓದಿ ಹೇಳಿದೆ. ಮೇವು ತಿನ್ನುತ್ತಿದೆಯೇ ಎಂದು ನೀವು ಕೇಳಿದ ಕಡೆ ದೊಡ್ಡಮ್ಮ ಕೈ ಅಡ್ಡ ಹಿಡಿದರು. "ತಿಂತಿತ್ ಅಂದ್ ಬರಿ. ಅವ್ನ್ ಲೆಕ್ಕದಗಾರೂ ಬದ್ಕಿರ್ಲಿ" ಎಂದರು. ಹಾಗೆಯೇ ಬರೆಯಲು ಕೂತೆ. ಮೊದಲ ಸಾಲು ಬರೆಯುವಷ್ಟರಲ್ಲಿ ಅವರು ಒಳಗಿನಿಂದ ಮತ್ತೆ ಬಂದರು.

"ಬ್ಯಾಡ ಹೆಣೆ. ಇದ್ದದ್ದ್ ಇದ್ದಾಂಗೆ ಬರಿ. ನಂಬ್ದಿರೆ ಬಂದ್ ತೋಡಿ ಕಾಣ್ಲಿ. ಹಾರೆ ನಾ ಕೊಡ್ತೆ."

ನಿಶ್ಮಿತಾ